ಮಳೆಗಾಲದ ಲೆಕ್ಕ ಹಿಡಿದು ಮನೆ ಬಾಡಿಗೆಗೆ ಕೊಡಿ: ಮಲೆನಾಡಿನ ಸಣ್ಣ ಮಾಲೀಕರಿಗೊಂದು ಮಾರ್ಗದರ್ಶಿ

ಅಡಿಕೆಗೆ ಒಳ್ಳೆ ಧಾರಣೆ ಸಿಕ್ಕ ವರ್ಷ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರು ಶಿವಮೊಗ್ಗದಲ್ಲಿ ಒಂದು ಸೈಟು ಹುಡುಕುವುದು ಹಳೆಯ ರೂಢಿ. ಮಕ್ಕಳ ಓದಿಗೆ ಅಂತ ಮನೆ ಕಟ್ಟುತ್ತಾರೆ. ಮಕ್ಕಳು ಓದು ಮುಗಿಸಿ ಬೆಂಗಳೂರು ಸೇರಿದ ಮೇಲೆ ಅದೇ ಬಾಡಿಗೆ ಮನೆಯಾಗುತ್ತದೆ. ಇನ್ನು ನಿವೃತ್ತ ಮೇಷ್ಟ್ರುಗಳು, ಬ್ಯಾಂಕಿನವರು ಕೆಳಗೆ ತಾವಿದ್ದು ಮೇಲಿನ ಮಹಡಿ ಕೊಟ್ಟಿರುತ್ತಾರೆ. ಒಂದೋ ಎರಡೋ ಮನೆ ಇಟ್ಟುಕೊಂಡ ಇಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬೆಂಗಳೂರಿನ ಸಲಹೆಗಳು ನಮಗೆ ಅರ್ಧಂಬರ್ಧ ಹೊಂದುತ್ತವೆ. ಅಲ್ಲಿ ಬಾಡಿಗೆದಾರ ಹೋದ ವಾರಕ್ಕೆ ಇನ್ನೊಬ್ಬ ಬರುತ್ತಾನೆ. ಇಲ್ಲಿ ಜೂನ್ ಕೊನೆಗೆ ಖಾಲಿಯಾದ ಮನೆ ದಸರಾವರೆಗೆ ಬೀಗ ಹಾಕಿಕೊಂಡು ಕೂರಬಹುದು, ಅಷ್ಟರೊಳಗೆ ಗೋಡೆಗೆ ಬೂಷ್ಟು ಹಿಡಿದು, ಬಾಗಿಲು ಉಬ್ಬಿ, ಗೆದ್ದಲು ಚೌಕಟ್ಟಿಗೆ ಹತ್ತಿರುತ್ತದೆ. ನಮ್ಮ ಕಡೆ ಬಾಡಿಗೆಯಲ್ಲಿ ನಾಲ್ಕು ಕಾಸು ಉಳಿಯಬೇಕಾದರೆ ಮನೆ ಖಾಲಿ ಬೀಳಬಾರದು, ಸೋರಬಾರದು. ಬಾಡಿಗೆ ಏರಿಸುವ ಮಾತು ಆಮೇಲಿನದು.

ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ

ಬಾಡಿಗೆಗೆಂದೇ ಮನೆ ಕೊಳ್ಳುವ ಯೋಚನೆ ಇದ್ದರೆ ಒಂದು ಉದಾಹರಣೆ ನೋಡಿ. ಸೈಟು ಸೇರಿ 40 ಲಕ್ಷದ ಮನೆ, ತಿಂಗಳಿಗೆ 12,000 ಬಾಡಿಗೆ ಅಂದುಕೊಳ್ಳಿ. ವರ್ಷಕ್ಕೆ 1,44,000. ಅಂದರೆ ಹಾಕಿದ ಹಣಕ್ಕೆ ಶೇ 3.6. ಅದರಲ್ಲಿ ಒಂದು ತಿಂಗಳು ಖಾಲಿ ಬಿದ್ದದ್ದಕ್ಕೆ 12,000, ಕಂದಾಯಕ್ಕೆ 5,000, ರಿಪೇರಿ ಬಣ್ಣಕ್ಕೆ 15,000 ತೆಗೆಯಿರಿ. ಉಳಿದದ್ದು 1,12,000, ಶೇ 2.8. ಸಾಲ ಮಾಡಿ ಕೊಂಡರಂತೂ ಶೇ 8.5ರ ಬಡ್ಡಿಯಲ್ಲಿ 30 ಲಕ್ಷಕ್ಕೆ 20 ವರ್ಷದ ಕಂತೇ ತಿಂಗಳಿಗೆ ಸುಮಾರು 26,000 ಬರುತ್ತದೆ. ಬಾಡಿಗೆಯಿಂದ ಕಂತು ಕಟ್ಟಿಕೊಂಡು ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಈ ಎರಡು ಸಂಖ್ಯೆಗಳನ್ನು ಅವರ ಮುಂದಿಡಿ. ಜಾಗದ ಬೆಲೆ ಏರಬಹುದು, ಆದರೆ ಅದು ಮಾರಿದ ದಿನ ಕೈಗೆ ಬರುವ ದುಡ್ಡು.

ಇದರ ಜೊತೆ ಇನ್ನೊಂದು ಲೆಕ್ಕವನ್ನೂ ಮನಸ್ಸಿನಲ್ಲಿಡಿ. 12,000ದ ಮನೆಗೆ 600 ಏರಿಸಿದರೆ ವರ್ಷಕ್ಕೆ 7,200 ಹೆಚ್ಚು ಸಿಗುತ್ತದೆ. ಆ ಜಗಳದಲ್ಲಿ ಒಳ್ಳೆ ಬಾಡಿಗೆದಾರ ಎದ್ದುಹೋಗಿ ಮನೆ ಎರಡು ತಿಂಗಳು ಖಾಲಿಯಾದರೆ 24,000 ಹೋಯಿತು, ಮೇಲೆ ಬಣ್ಣದ ಖರ್ಚು. ಹೊತ್ತಿಗೆ ಸರಿಯಾಗಿ ಬಾಡಿಗೆ ಹಾಕುವ, ಮನೆ ಚೊಕ್ಕವಾಗಿಟ್ಟುಕೊಳ್ಳುವ ಸಂಸಾರ ಸಿಕ್ಕಿದ್ದರೆ ಪೇಟೆ ದರಕ್ಕಿಂತ ಐನೂರು ಸಾವಿರ ಕಮ್ಮಿ ಇದ್ದರೂ ಅವರನ್ನು ಉಳಿಸಿಕೊಳ್ಳಿ.

ಯಾರು ಬರುತ್ತಾರೆ, ಯಾವಾಗ ಬರುತ್ತಾರೆ

ಜಾಗ ನೋಡುವಾಗಲೇ ಬಾಡಿಗೆದಾರನನ್ನೂ ಊಹಿಸಿಕೊಳ್ಳಬೇಕು. ನವುಲೆ ಕಡೆ ಎಂಜಿನಿಯರಿಂಗ್ ಮತ್ತು ಕೃಷಿ ಕಾಲೇಜಿನ ಹುಡುಗರು. ಮೆಗ್ಗಾನ್ ಆಸ್ಪತ್ರೆ, ಸಿಮ್ಸ್ ವೈದ್ಯಕೀಯ ಕಾಲೇಜಿನ ಸುತ್ತಮುತ್ತ ನರ್ಸುಗಳು, ಹೌಸ್ ಸರ್ಜನ್‌ಗಳು. ವಿನೋಬನಗರ, ಗೋಪಾಳ, ರವೀಂದ್ರನಗರದ ಕಡೆ ಸರ್ಕಾರಿ ನೌಕರರು, ಬ್ಯಾಂಕಿನವರು, ಮಕ್ಕಳನ್ನು ಓದಿಸಲು ಹಳ್ಳಿಯಿಂದ ಬಂದ ತಾಯಂದಿರು. ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯದವರು, ಆನಂದಪುರದ ಹತ್ತಿರದ ಇರುವಕ್ಕಿಯಲ್ಲಿ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದವರು.

ಸಂಸಾರಸ್ಥರು ಮನೆ ಬದಲಿಸುವುದು ಏಪ್ರಿಲ್, ಮೇ ತಿಂಗಳಲ್ಲಿ. ಪರೀಕ್ಷೆ ಮುಗಿದಿರುತ್ತದೆ, ವರ್ಗಾವಣೆ ಬಂದಿರುತ್ತದೆ, ಮಳೆ ಹಿಡಿಯುವ ಮುಂಚೆ ಸಾಮಾನು ಸಾಗಿಸಬೇಕು. ಆಷಾಢದಲ್ಲಿ ಹಾಲು ಉಕ್ಕಿಸುವವರು ಕಡಿಮೆ, ಪಿತೃಪಕ್ಷದಲ್ಲಿ ಇನ್ನೂ ಕಡಿಮೆ. ಎಂಜಿನಿಯರಿಂಗ್ ಮೊದಲ ವರ್ಷದ ಹುಡುಗರು ಮಾತ್ರ ಸಿಇಟಿ ಕೌನ್ಸೆಲಿಂಗ್ ಮುಗಿದ ಮೇಲೆ, ಮಳೆಗಾಲದ ನಡುವೆಯೇ ಬರುತ್ತಾರೆ.

ಹಾಗಾಗಿ 11 ತಿಂಗಳ ಕರಾರನ್ನು ಜೂನ್ 1ರಿಂದ ಶುರು ಮಾಡಿ. ಅದು ಏಪ್ರಿಲ್ 30ಕ್ಕೆ ಮುಗಿಯುತ್ತದೆ, ಮನೆ ಹುಡುಕುವವರು ಹೆಚ್ಚು ಓಡಾಡುವ ಕಾಲಕ್ಕೆ ಸರಿಯಾಗಿ. ಅದೇ ಸೆಪ್ಟೆಂಬರಿನಲ್ಲಿ ಶುರುವಾದ ಕರಾರು ಜುಲೈ ಕೊನೆಗೆ ಮುಗಿಯುತ್ತದೆ, ಅಂದರೆ ಜೋರು ಮಳೆಯ ನಟ್ಟನಡುವೆ. ಒಂದು ಎಚ್ಚರ: 11 ತಿಂಗಳ ಕರಾರನ್ನು ನವೀಕರಿಸುತ್ತ ಹೋದರೆ ಗಡುವು ಪ್ರತಿ ಸಲ ಒಂದು ತಿಂಗಳು ಹಿಂದಕ್ಕೆ ಜಾರುತ್ತದೆ. ನಾಲ್ಕನೇ ಕರಾರು ಜನವರಿಗೇ ಮುಗಿದಿರುತ್ತದೆ. ಆಗ ಮುಂದಿನದನ್ನು ನಾಲ್ಕೇ ತಿಂಗಳಿಗೆ ಬರೆದು ಮೇ ಕೊನೆಗೆ ತಂದು ನಿಲ್ಲಿಸಿ, ಜೂನ್‌ನಿಂದ ಮತ್ತೆ 11 ತಿಂಗಳು ಬರೆಯಿರಿ.

ಮಾಡು, ತಾರಸಿ, ನೀರು: ಏಪ್ರಿಲ್‌ನಲ್ಲೇ ಮುಗಿಸಬೇಕಾದ ಕೆಲಸ

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಅದರ ಸಣ್ಣ ಪಾಲು ಮಾತ್ರ. ಹೀಗಾಗಿ ಪೇಟೆಯ ಮನೆಗೂ ತೀರ್ಥಹಳ್ಳಿ, ಹೊಸನಗರದ ಮನೆಗೂ ಒಂದೇ ರಿಪೇರಿ ಪಟ್ಟಿ ಸಾಲದು. ಆದರೆ ಒಂದು ಮಾತು ಎರಡಕ್ಕೂ ಸಲ್ಲುತ್ತದೆ: ಏಪ್ರಿಲ್ ದಾಟಿದರೆ ಗಾರೆಯವರು, ಹಂಚಿನ ಕೆಲಸದವರು ಕೈಗೆ ಸಿಗುವುದಿಲ್ಲ.

ಹಂಚಿನ ಮನೆಯಾದರೆ ವರ್ಷಕ್ಕೊಮ್ಮೆ ಹಂಚು ಕೈಯಾಡಿಸಲೇಬೇಕು. ಮಂಗ ಕುಣಿದು, ತೆಂಗಿನ ಗರಿ ಬಿದ್ದು ಒಡೆದ ಹಂಚು ಕೆಳಗಿನಿಂದ ಕಾಣುವುದಿಲ್ಲ. ಮಟಮಟ ಮಧ್ಯಾಹ್ನ ಬಾಗಿಲು ಕಿಟಕಿ ಹಾಕಿಕೊಂಡು ಒಳಗೆ ನಿಂತು ಮೇಲೆ ನೋಡಿ. ಬಿಸಿಲು ಸೂಜಿಯಂತೆ ಎಲ್ಲೆಲ್ಲಿ ಒಳಗೆ ಇಳಿಯುತ್ತದೋ ಅಲ್ಲೆಲ್ಲ ಜೂನ್‌ನಲ್ಲಿ ನೀರು ಇಳಿಯುತ್ತದೆ. ಸೀಮೆಸುಣ್ಣದಲ್ಲಿ ಆ ನೇರಕ್ಕೆ ನೆಲದ ಮೇಲೆ ಗುರುತು ಹಾಕಿಟ್ಟರೆ ಹಂಚಿನವನಿಗೆ ತೋರಿಸುವುದು ಸುಲಭ. ಹಂಚು ಕೂರುವ ರೀಪಿನ ತುದಿಯನ್ನು ಚಾಕುವಿನಿಂದ ಚುಚ್ಚಿ ನೋಡಿ, ಮೊನೆ ಮೆತ್ತಗೆ ಒಳಗಿಳಿದರೆ ಅದು ಕುಂಬಾಗಿದೆ, ಈ ಮಳೆ ತಡೆಯುವುದಿಲ್ಲ. ಎರಡು ಮಾಡು ಕೂಡುವ ದಂಬೆಯಲ್ಲಿ ಎಲೆ ಕಸ ಕಟ್ಟಿಕೊಂಡಿರುತ್ತದೆ, ಅರ್ಧ ಸೋರಣೆ ಅಲ್ಲಿಂದಲೇ. ಬದಲಿಗೆ ಐವತ್ತು ಹಂಚು ಕೊಟ್ಟಿಗೆಯಲ್ಲಿ ಇಟ್ಟಿರಿ, ಹಳೆಯ ಅಚ್ಚಿನ ಹಂಚಿಗೆ ಹೊಸತು ಕೂರದೆ ಒದ್ದಾಡುವುದು ತಪ್ಪುತ್ತದೆ.

ತಾರಸಿ ಮನೆಯಾದರೆ ನೀರು ಹೋಗುವ ಪೈಪಿನ ಬಾಯಿ ಚೊಕ್ಕ ಮಾಡಿ, ಎರಡು ಬಕೆಟ್ ನೀರು ಸುರಿದು ನಿಲ್ಲುತ್ತದೆಯೇ ನೋಡಿ. ಹೊಸ ಮನೆಗೂ ತಾರಸಿಯ ಮೇಲೆ ಶೀಟು ಹಾಕಿಸುವುದು ನಮ್ಮ ಕಡೆ ಈಗ ಮಾಮೂಲು. ಖರ್ಚು ದೊಡ್ಡದು. ಆದರೂ ಬಾಡಿಗೆ ಮನೆಗೆ ಅದು ಬೇಕೆಂದೇ ನಾನು ಹೇಳುವುದು. ಸೋರಣೆ ನಿಲ್ಲುವುದು ಒಂದು ಲಾಭ, ಬಟ್ಟೆ ಒಣಗಿಸಲು ಜಾಗ ಸಿಗುವುದು ಇನ್ನೊಂದು. ಜುಲೈನಲ್ಲಿ ಮನೆ ನೋಡಲು ಬಂದ ಹೆಂಗಸರು ಅಡುಗೆಮನೆ ನೋಡಿದ ಮೇಲೆ ಕೇಳುವುದು ಇದನ್ನೇ: "ಬಟ್ಟೆ ಎಲ್ಲಿ ಒಣಗ್ಸೋದು?" ಶೀಟಿನ ಕೆಳಗೆ ನಾಲ್ಕು ಸಾಲು ತಂತಿ ಕಟ್ಟಿಸಿಟ್ಟ ಮನೆ ಪಕ್ಕದ ಮನೆಗಿಂತ ಬೇಗ ಹೋಗುತ್ತದೆ. ಹಾಗೆಯೇ ಸೋಲಾರ್ ಹಾಕಿಸಿದ್ದೇನೆ ಎಂದು ಸುಮ್ಮನಾಗಬೇಡಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಕೈಕೊಡುತ್ತದೆ. ಒಂದು ಗೀಸರ್ ಪಾಯಿಂಟು, ಹಳ್ಳಿ ಕಡೆಯಾದರೆ ಬಚ್ಚಲಲ್ಲಿ ಹಂಡೆ ಒಲೆ ಇರಲಿ. ಏಪ್ರಿಲ್, ಮೇ ಗುಡುಗು ಸಿಡಿಲಿನ ಕಾಲ, ಅರ್ಥಿಂಗ್ ಸರಿ ಇದೆಯೇ ಎಂದು ಎಲೆಕ್ಟ್ರಿಷಿಯನ್ನನಿಂದ ಪರೀಕ್ಷೆ ಮಾಡಿಸಿ.

ಶಿವಮೊಗ್ಗದಲ್ಲಿ ಮನೆ ಕೊಳ್ಳುವವರು ತುಂಗೆಯನ್ನೂ ನೆನೆಯಬೇಕು. ಗಾಜನೂರು ಅಣೆಕಟ್ಟಿನ ಗೇಟು ಎತ್ತಿದರೆ ನೀರು ಪೇಟೆಯನ್ನು ಹಾದೇ ಹೋಗುತ್ತದೆ. 2019ರ ಆಗಸ್ಟ್‌ನಲ್ಲಿ ಹೊಳೆ ಉಕ್ಕಿ ತಗ್ಗಿನ ಬಡಾವಣೆಗಳ ಮನೆಗಳಿಗೆ ನೀರು ನುಗ್ಗಿತ್ತು. ಮನೆ ನೋಡುವಾಗ ದಲ್ಲಾಳಿಯನ್ನು ಕೇಳಿ ಪ್ರಯೋಜನವಿಲ್ಲ, ಬೀದಿ ತುದಿಯ ಅಂಗಡಿಯವರನ್ನು ಕೇಳಿ: "ಆ ವರ್ಷ ನೀರು ಎಲ್ಲಿವರೆಗೆ ಬಂದಿತ್ತು?" ಅವರು ಗೋಡೆ ಮೇಲೆ ಕೈಯಿಟ್ಟು ತೋರಿಸುತ್ತಾರೆ.

ಕಾಗದಪತ್ರ ಯಾರ ಹೆಸರಲ್ಲಿದೆ?

ಮಲೆನಾಡಿನ ಎಷ್ಟೋ ಮನೆಗಳು ಇನ್ನೂ ತೀರಿಹೋದ ಅಪ್ಪನ, ಅಜ್ಜನ ಹೆಸರಲ್ಲೇ ಇವೆ. ಪೌತಿ ಖಾತೆ, ಅಂದರೆ ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗದೆ ಅಣ್ಣತಮ್ಮಂದಿರಲ್ಲಿ ಒಬ್ಬರು ಕರಾರಿಗೆ ಸಹಿ ಹಾಕಿ, ಇನ್ನೊಬ್ಬರು ಬಾಡಿಗೆ ತೆಗೆದುಕೊಂಡು, ಅಕ್ಕತಂಗಿಯರ ಪಾಲು ಬಾಯಿಮಾತಲ್ಲಿ ಉಳಿದಿದ್ದರೆ ನಾಳೆ ಬಾಡಿಗೆದಾರನ ಜೊತೆ ತಕರಾರು ಬಂದಾಗ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಮೊದಲು ಖಾತೆ ಸರಿ ಮಾಡಿಸಿ. ಪೇಟೆಯಲ್ಲಿ ಪಾಲಿಕೆ ಅಥವಾ ಪುರಸಭೆಯ ಇ-ಖಾತಾ, ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11 ಕೈಯಲ್ಲಿರಲಿ. ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆಗೆ ಸಕ್ರಮ ಕೋರಿ 94ಸಿ ಅಥವಾ 94ಸಿಸಿ ಅರ್ಜಿ ಹಾಕಿ ಹಕ್ಕುಪತ್ರ ಬಂದಿಲ್ಲವೆಂದರೆ, ಬಾಡಿಗೆಗೆಂದು ಅಂಥದನ್ನು ಕೊಳ್ಳುವ ಗೋಜಿಗೆ ಹೋಗಲೇಬೇಡಿ.

ಗೇಣಿಯ ಭಯ ಮತ್ತು ಹನ್ನೆರಡು ವರ್ಷದ ಮಾತು

ಈ ವಿಷಯ ಸ್ವಲ್ಪ ನಿಧಾನಕ್ಕೆ ಹೇಳಬೇಕು, ಯಾಕೆಂದರೆ ನಮ್ಮ ಜಿಲ್ಲೆಯಲ್ಲಿ ಇದರ ನೆನಪು ಆಳವಾಗಿದೆ. 1951ರ ಕಾಗೋಡು ಸತ್ಯಾಗ್ರಹ, ಅಂದರೆ ಗೇಣಿದಾರರ ಹೋರಾಟ, ನಡೆದದ್ದು ಸಾಗರ ತಾಲ್ಲೂಕಿನಲ್ಲಿ. 1974ರಲ್ಲಿ ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದು ಗೇಣಿ ಭೂಮಿ ಉಳುವವರ ಹೆಸರಿಗಾಯಿತು. ಉಳುವವನಿಗೆ ಸಲ್ಲಬೇಕಾದ್ದು ಸಂದಿತು, ಅದು ನ್ಯಾಯವೇ ಆಗಿತ್ತು. ಆದರೆ ಆ ಕಾಲದ ಭಯವನ್ನು ಇಂದಿನ ಪೇಟೆ ಮನೆಗೆ ಅಂಟಿಸಿ, "ಹನ್ನೆರಡು ವರ್ಷ ಕೂತರೆ ಮನೆ ಅವರದೇ" ಎಂದು ಹೆದರಿ ಒಳ್ಳೆ ಬಾಡಿಗೆದಾರರನ್ನು ಎಬ್ಬಿಸುವವರು ಈಗಲೂ ಇದ್ದಾರೆ. ಆ ಕಾನೂನು ಕೃಷಿ ಭೂಮಿಯದು. ಪೇಟೆಯ ಮನೆಯಲ್ಲಿ ನೀವೇ ಕರಾರು ಬರೆದು, ಬಾಡಿಗೆ ಪಡೆದು ಕೂರಿಸಿದವರು ನಿಮ್ಮ ಒಪ್ಪಿಗೆಯಿಂದ ಇರುವವರು. ಎಷ್ಟು ವರ್ಷ ಇದ್ದರೂ ಬಾಡಿಗೆದಾರನಾಗಿರುವುದರಿಂದಲೇ ಮನೆಯ ಒಡೆತನ ಬರುವುದಿಲ್ಲ. ಕರಾರು, ರಸೀದಿ, ಬ್ಯಾಂಕಿನ ದಾಖಲೆ ಇಟ್ಟುಕೊಂಡವರಿಗೆ ಈ ಭಯ ಬೇಡ.

ತೋಟದ ಮನೆಯ ಸಂಗತಿ ಮಾತ್ರ ಬೇರೆ. ಕೃಷಿ ಜಮೀನನ್ನು ಗೇಣಿಗೆ ಕೊಡುವುದಕ್ಕೆ ಭೂಸುಧಾರಣಾ ಕಾಯ್ದೆಯಲ್ಲಿ ನಿರ್ಬಂಧವಿದೆ, ಹಾಗಾಗಿ "ಮನೆ ಜೊತೆ ತೋಟವನ್ನೂ ನೋಡ್ಕೊಳ್ಳಿ, ವರ್ಷಕ್ಕೆ ಇಷ್ಟು ಕೊಡಿ" ಎಂಬ ಒಪ್ಪಂದ ಮಾಡಿಕೊಳ್ಳಬೇಡಿ. ಫಸಲನ್ನು ಚೇಣಿಗೆ ಕೊಡುವುದು, ಅಂದರೆ ಮರದಲ್ಲಿರುವಾಗಲೇ ಮಾರುವುದು, ಬೇರೆ ವ್ಯವಹಾರ, ಅದನ್ನು ಮನೆಯ ಕರಾರಿಗೆ ಸೇರಿಸದೆ ಬೇರೆಯೇ ಬರೆಯಿರಿ. ನಿಮ್ಮ ಜಮೀನಿನಲ್ಲಿ ವಾಸವಿರುವ ಕೃಷಿ ಕಾರ್ಮಿಕರಿಗೆ ಅವರ ವಾಸದ ಮನೆಯ ಮೇಲೆ ಅದೇ ಕಾಯ್ದೆ ಹಕ್ಕು ಕೊಟ್ಟಿದೆ. ತಲೆಮಾರಿನಿಂದ ಇದ್ದವರನ್ನು "ಬಾಡಿಗೆದಾರ" ಎಂದು ಕಾಗದ ಮಾಡಿಸಿ ಆ ಹಕ್ಕು ತಪ್ಪಿಸಲು ನೋಡುವುದು ತಪ್ಪು, ಕೋರ್ಟಿನಲ್ಲಿ ನಿಲ್ಲುವುದೂ ಕಷ್ಟ.

ಬಾಡಿಗೆದಾರರನ್ನು ಆರಿಸುವಾಗ

ಕೆಲಸ ಏನು, ಎಲ್ಲಿ, ಹಿಂದಿನ ಮನೆ ಯಾವುದು ಎಂದು ಕೇಳಿ. ಹಿಂದಿನ ಮಾಲೀಕರಿಗೆ ಒಂದು ಫೋನ್ ಮಾಡಿ. ಈಗಿನ ಮನೆಯ ಮಾಲೀಕರು ಕಳಿಸಿದರೆ ಸಾಕೆಂದು ಹೊಗಳಬಹುದು, ಅದರ ಹಿಂದಿನ ಮನೆಯವರು ನಿಜ ಹೇಳುತ್ತಾರೆ. ಗುರುತಿನ ಚೀಟಿಯ ಪ್ರತಿ, ಫೋಟೊ, ಊರಿನ ವಿಳಾಸ ಪಡೆದು, ಠಾಣೆಯಲ್ಲಿ ಬಾಡಿಗೆದಾರರ ಮಾಹಿತಿ ಕೊಟ್ಟುಬಿಡಿ. ಹುಡುಗರಿಗೆ ಕೊಡುವುದಾದರೆ ಒಬ್ಬರ ಹೆಸರಲ್ಲಿ ಬರೆದು ಐವರು ಇರುವಂತೆ ಬಿಡದೆ ಎಲ್ಲರ ಹೆಸರೂ ಕರಾರಿನಲ್ಲಿರಲಿ, ಒಬ್ಬರ ತಂದೆಯೋ ತಾಯಿಯೋ ಸಹಿ ಹಾಕಲಿ.

ಜಾತಿ ಕೇಳಿ ಮನೆ ಕೊಡುವ ಪದ್ಧತಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಅದು ಮನುಷ್ಯರಿಗೆ ಮಾಡುವ ಅವಮಾನ ಎಂಬುದು ಮೊದಲ ಮಾತು. ಹೊತ್ತಿಗೆ ಬಾಡಿಗೆ ಕಟ್ಟುವ ನರ್ಸು, ಮೇಷ್ಟ್ರು, ಮೆಸ್ಕಾಂ ನೌಕರರು ಗೇಟಿನಿಂದಲೇ ವಾಪಸ್ ಹೋಗಿ ಮನೆ ಆಷಾಢವಿಡೀ ಖಾಲಿ ಬೀಳುವುದೂ ಇದರಿಂದಲೇ.

ಕರಾರಿನಲ್ಲಿ ಏನು ಬರೆಯಬೇಕು

ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು, ಇದು 1908ರ ನೋಂದಣಿ ಕಾಯ್ದೆಯ ಮಾತು. ಎಲ್ಲರೂ 11 ತಿಂಗಳಿಗೆ ಬರೆಯುವುದು ಅದಕ್ಕೇ. ವಾಸದ ಮನೆಗೆ ಅದು ಸಾಕು. ಅಂಗಡಿ ಮಳಿಗೆಯನ್ನು ಮೂರು ವರ್ಷ, ಐದು ವರ್ಷಕ್ಕೆ ಕೊಡುವುದಾದರೆ ಖರ್ಚಾದರೂ ಉಪನೋಂದಣಿ ಕಚೇರಿಗೆ ಹೋಗಿ ನೋಂದಾಯಿಸಿ. ಇ-ಸ್ಟಾಂಪ್ ಕಾಗದದಲ್ಲಿ ಇಬ್ಬರ ಹೆಸರೂ ಸರಿಯಾಗಿರಲಿ.

ಅಂಗಡಿಯಲ್ಲಿ ಸಿಗುವ ಸಿದ್ಧ ನಮೂನೆಗೆ ಸಹಿ ಹಾಕಿ ಬರಬೇಡಿ. ಬಾಡಿಗೆ, ಮುಂಗಡ, ಬಾಡಿಗೆ ಹಾಕುವ ತಾರೀಕು, ನವೀಕರಿಸುವಾಗ ಎಷ್ಟು ಏರಿಕೆ, ಬಿಡುವಾಗ ಎಷ್ಟು ದಿನ ಮುಂಚೆ ತಿಳಿಸಬೇಕು ಎಂಬುದು ಎಲ್ಲರೂ ಬರೆಯುತ್ತಾರೆ. ಜಗಳ ಬರುವುದು ಬರೆಯದೆ ಬಿಟ್ಟದ್ದರಲ್ಲಿ. ಬಣ್ಣದ ಖರ್ಚು ಯಾರದು, ಎಷ್ಟು ವರ್ಷ ಇದ್ದು ಬಿಟ್ಟರೆ ಮುಂಗಡದಲ್ಲಿ ಹಿಡಿಯುವುದಿಲ್ಲ? ಮೋಟಾರು ಸುಟ್ಟರೆ ಯಾರು ಕಟ್ಟಿಸಬೇಕು? ತೆಂಗಿನಕಾಯಿ, ಹಲಸಿನಹಣ್ಣು ಯಾರಿಗೆ? ನಗಬೇಡಿ, ಹಿತ್ತಲ ಹಲಸಿನ ಮರಕ್ಕಾಗಿ ಮಾತು ಬಿಟ್ಟವರಿದ್ದಾರೆ. ಮಳೆಗಾಲದ ಬೂಷ್ಟನ್ನು ಬಾಡಿಗೆದಾರರ ಹಾನಿ ಎಂದು ಲೆಕ್ಕ ಹಿಡಿಯುವುದಿಲ್ಲ ಎಂದೂ ಬರೆದುಬಿಡಿ, ಅದು ಗೋಡೆಯ ತೇವದ ದೋಷ.

ಬೀಗದ ಕೈ ಕೊಡುವ ದಿನ ಮನೆಯ ಪ್ರತಿ ಗೋಡೆ, ನಲ್ಲಿ, ಸ್ವಿಚ್ ಬೋರ್ಡು, ಕರೆಂಟ್ ಮೀಟರಿನ ಅಂಕಿ ಇಷ್ಟರ ಫೋಟೊ ತೆಗೆದು ಇಬ್ಬರ ವಾಟ್ಸಾಪ್‌ನಲ್ಲೂ ಇಟ್ಟುಕೊಳ್ಳಿ.

ಮುಂಗಡ ಬ್ಯಾಂಕ್ ಮೂಲಕವೇ ಬರಲಿ. 20,000 ಅಥವಾ ಅದಕ್ಕೆ ಮೇಲ್ಪಟ್ಟ ಠೇವಣಿಯನ್ನು ನಗದಾಗಿ ಪಡೆಯಬಾರದೆಂಬ ನಿಯಮ ಆದಾಯ ತೆರಿಗೆ ಕಾನೂನಿನಲ್ಲಿದೆ. ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮುಂಗಡದ ಮಿತಿ ಹಾಕಿತ್ತು. ರಾಜ್ಯ ತನ್ನ ಕಾನೂನು ಮಾಡಿಕೊಳ್ಳುವವರೆಗೆ ಅದು ಮಾದರಿ ಮಾತ್ರ, ಆದರೂ ಹತ್ತು ತಿಂಗಳ ಮುಂಗಡ ಕೇಳಿ ಬಂದವರನ್ನು ಓಡಿಸುವ ಬದಲು ಮೂರು ನಾಲ್ಕು ತಿಂಗಳಿಗೆ ಒಪ್ಪುವುದು ನಮ್ಮ ಊರಿಗೆ ಸರಿ. ಲೀಸಿಗೆ, ಅಂದರೆ ಭೋಗ್ಯಕ್ಕೆ ಕೊಟ್ಟು ಐದಾರು ಲಕ್ಷ ಒಟ್ಟಿಗೆ ಪಡೆಯುವವರಿಗೆ ನನ್ನದು ಒಂದೇ ಕೋರಿಕೆ: ಆ ಹಣವನ್ನು ಮದುವೆಗೋ ತೋಟಕ್ಕೋ ಹಾಕಬೇಡಿ. ಅದು ಮರಳಿಸಬೇಕಾದ ಸಾಲ. ಕೊಡಲಾಗದೆ ಹೊಸ ಲೀಸಿನವರ ಹಣದಿಂದ ಹಳಬರನ್ನು ಬಿಡಿಸುತ್ತ ಹೋದರೆ, ಅಂಥವರು ಸಿಗದ ವರ್ಷ ಮನೆಯೇ ಮಾರಾಟಕ್ಕೆ ಬರುತ್ತದೆ.

ಕರೆಂಟು, ಕಂದಾಯ, ತೆರಿಗೆ

ಪ್ರತಿ ಮನೆಗೂ ಬೇರೆ ಮೀಟರು ಹಾಕಿಸಿ. 200 ಯೂನಿಟ್‌ವರೆಗೆ ಉಚಿತ ಕರೆಂಟು ಕೊಡುವ ಗೃಹಜ್ಯೋತಿ ಬಂದ 2023ರಿಂದ ಇದು ಇನ್ನೂ ಮುಖ್ಯ. ಬಾಡಿಗೆದಾರರೂ ಆ ಮನೆಯ ಮೀಟರಿಗೆ ತಮ್ಮ ಆಧಾರ್ ಜೋಡಿಸಿ ಯೋಜನೆ ಪಡೆಯಬಹುದು. ಮೇಲೆ ಕೆಳಗೆ ಒಂದೇ ಮೀಟರ್ ಇದ್ದರೆ ಇಬ್ಬರ ಬಳಕೆ ಸೇರಿ 200 ಯೂನಿಟ್ ದಾಟಿ ಪೂರ್ತಿ ಬಿಲ್ಲು ಬರುತ್ತದೆ, ಯಾರು ಎಷ್ಟು ಎಂಬ ವಾದ ಶುರುವಾಗುತ್ತದೆ.

ಕಂದಾಯವನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ ಸಿಗುತ್ತದೆ. ಕಟ್ಟಿದ ರಸೀದಿ ಜೋಪಾನ, ತೆರಿಗೆ ಲೆಕ್ಕಕ್ಕೂ ಅದು ಬೇಕು. ಬಾಡಿಗೆ ನಗದಾಗಿ ಪಡೆದು ರಸೀದಿ ಕೊಡುವವರು 5,000 ಮೀರಿದ್ದರೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಿ.

ಅಡಿಕೆಯ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಬಾಡಿಗೆಗೆ ಉಂಟು. ಬೆಳೆಗಾರರು ಎಡವುವುದು ಇಲ್ಲೇ. ಬಾಡಿಗೆ ಮತ್ತಿತರ ಆದಾಯ ತೆರಿಗೆಯ ಮಿತಿ ದಾಟಿತೆಂದರೆ, ದರ ಲೆಕ್ಕ ಹಾಕುವಾಗ ಕೃಷಿ ಆದಾಯವನ್ನೂ ಸೇರಿಸಿ ನೋಡುತ್ತಾರೆ. ಲೆಕ್ಕ ಕಷ್ಟವಿಲ್ಲ. ವರ್ಷದ ಬಾಡಿಗೆ 1,20,000, ನೀವು ಕಟ್ಟಿದ ಕಂದಾಯ 4,000 ಎನ್ನಿ. ಉಳಿದ 1,16,000ದಲ್ಲಿ ಶೇ 30, ಅಂದರೆ 34,800, ರಿಪೇರಿ ಮಾಡಿಸಿರಲಿ ಬಿಡಲಿ ಕಳೆಯುತ್ತಾರೆ. ಆದಾಯ ಎಂದು ತೋರಿಸಬೇಕಾದದ್ದು 81,200. ಮನೆ ಸಾಲದ ಬಡ್ಡಿ ಇದ್ದರೆ ಅದಕ್ಕೂ ವಿನಾಯಿತಿ ಇದೆ. ಮುಚ್ಚಿಡುವ ಯೋಚನೆ ಬೇಡ: ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಕೇಳುವ ನೌಕರರು ವರ್ಷದ ಬಾಡಿಗೆ 1 ಲಕ್ಷ ದಾಟಿದರೆ ನಿಮ್ಮ ಪ್ಯಾನ್ ಸಂಖ್ಯೆಯನ್ನು ತಮ್ಮ ಕಚೇರಿಗೆ ಕೊಡಲೇಬೇಕು.

ಇರುವಷ್ಟು ದಿನ

"ಅಣ್ಣಾ, ಅಡುಗೆಮನೆ ಮೂಲೇಲಿ ನೀರು ಜಿನುಗ್ತಾ ಇದೆ" ಎಂದು ಜುಲೈನಲ್ಲಿ ಫೋನ್ ಬಂದರೆ "ಮಳೆ ಬಿಡ್ಲಿ, ನೋಡಣ" ಎಂದು ಇಟ್ಟುಬಿಡಬೇಡಿ. ಪೂರ್ತಿ ರಿಪೇರಿ ಆಗ ಆಗುವುದಿಲ್ಲ ನಿಜ, ಟಾರ್ಪಾಲು ಹೊದಿಸಿ ತಡೆಯಲು ಆಗುತ್ತದೆ. ಅದೇ ದಿನ ಹೋಗಿ ನೋಡಿದ ಮಾಲೀಕರ ಬಾಡಿಗೆ ತಡವಾಗುವುದು ಕಡಿಮೆ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ತೋಟ ಬಿಟ್ಟು ಶಿವಮೊಗ್ಗಕ್ಕೆ ಬರಲಾಗದವರು ಪೇಟೆಯಲ್ಲಿ ನಂಬಿಕಸ್ಥ ಪ್ಲಂಬರ್, ಎಲೆಕ್ಟ್ರಿಷಿಯನ್ ಇಬ್ಬರ ನಂಬರನ್ನು ಬಾಡಿಗೆದಾರರಿಗೆ ಕೊಟ್ಟು, ಇಂತಿಷ್ಟರೊಳಗಿನ ಕೆಲಸ ಕೇಳದೆಯೇ ಮಾಡಿಸಿ ಬಾಡಿಗೆಯಲ್ಲಿ ಕಳೆಯಲು ಹೇಳಿಬಿಡಿ. ಹೇಳದೆ ಕೇಳದೆ ಬೀಗ ತೆಗೆದು ಒಳಗೆ ಹೋಗಬೇಡಿ, ಮನೆ ನಿಮ್ಮದಾದರೂ ಈಗ ಅಲ್ಲಿ ಸಂಸಾರ ಅವರದು.

ಬಾಡಿಗೆ ನಿಂತುಹೋದರೆ ಮೊದಲು ಎದುರು ಕೂತು ಮಾತಾಡಿ. ಆಗದಿದ್ದರೆ ವಕೀಲರ ಮೂಲಕ ನೋಟಿಸು. ಕರಾರಿನಲ್ಲಿ ಬೇರೆ ಹೇಳಿಲ್ಲದಿದ್ದರೆ ತಿಂಗಳ ಬಾಡಿಗೆಯ ಮನೆಗೆ 15 ದಿನದ ನೋಟಿಸು ಕೊಡಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮು ಹೇಳುತ್ತದೆ. ಅದರ ಮೇಲೂ ಬಿಡದಿದ್ದರೆ ಕೋರ್ಟು. ನೀರು ಬಂದ್ ಮಾಡುವುದು, ಫ್ಯೂಸ್ ಕೀಳುವುದು, ಸಾಮಾನು ಹೊರಗೆಸೆಯುವುದು ಮಾಡಿದಿರೋ, ಸರಿಯಿದ್ದ ನಿಮ್ಮ ಕೇಸು ಕೆಟ್ಟಿತು.

ಮನೆ ಬಿಡುವ ದಿನ

ಸಾಮಾನು ಹೊರಟ ಮೇಲೆ, ಹಗಲು ಬೆಳಕಿನಲ್ಲಿ, ಹಳೆಯ ಫೋಟೊ ಕೈಯಲ್ಲಿ ಹಿಡಿದು ಇಬ್ಬರೂ ಒಟ್ಟಿಗೆ ಮನೆ ಸುತ್ತಿ ನೋಡಿ. ಮೊಳೆ ಹೊಡೆದ ತೂತು, ಮಾಸಿದ ಸುಣ್ಣ ಇದ್ದದ್ದೇ, ಅದಕ್ಕೆ ದುಡ್ಡು ಹಿಡಿಯಬೇಡಿ. ಒಡೆದ ಸಿಂಕು, ಮುರಿದ ಬಾಗಿಲಿಗೆ ಬಿಲ್ಲು ತೋರಿಸಿ ಹಿಡಿಯಿರಿ. ಕರೆಂಟ್ ಬಿಲ್ಲು ಚುಕ್ತಾ ಆಗಿದೆಯೇ, ಗೃಹಜ್ಯೋತಿಗೆ ಜೋಡಿಸಿದ ಆಧಾರ್ ಬಿಡಿಸಿದ್ದಾರೆಯೇ, ಗ್ಯಾಸ್, ರೇಷನ್ ಕಾರ್ಡಿನ ವಿಳಾಸ ಬದಲಾಯಿಸುತ್ತಾರೆಯೇ ಕೇಳಿ. ಆಧಾರ್ ಬಿಡಿಸದೆ ಹೋದರೆ ಮುಂದೆ ಬರುವವರು ಅರ್ಜಿ ಹಾಕುವಾಗ ತೊಡಕಾಗುತ್ತದೆ. ಮುಂಗಡದ ಬಾಕಿಯನ್ನು ಅವರ ಖಾತೆಗೆ ಅಲ್ಲೇ ನಿಂತು ಹಾಕಿ, "ಪೂರ್ತಿ ಸಂದಾಯವಾಗಿದೆ, ಬೀಗದ ಕೈ ಒಪ್ಪಿಸಿದ್ದೇನೆ" ಎಂದು ಒಂದು ಸಾಲು ಬರೆಸಿ ಸಹಿ ತೆಗೆದುಕೊಳ್ಳಿ. ಹೊಸಬರು ಬರುವವರೆಗೆ ವಾರಕ್ಕೊಮ್ಮೆಯಾದರೂ ಕಿಟಕಿ ತೆಗೆದು ಗಾಳಿ ಆಡಿಸಲು ಪಕ್ಕದ ಮನೆಯವರಿಗೆ ಹೇಳಿ ಬನ್ನಿ.